ಜೀವ ಅದಾವ, ತುಳೀಬ್ಯಾಡ್ರಿ

“ಏಳನೇ ಕ್ಲಾಸ ದಾಟಲಾರದ ಮಂಗ್ಯಾ, ನೀ ನನಗ ಡಾಕ್ಟರಕಿ ಕಲಸಾಕ ಬಂದಿಯೇನಲೇ?”

ಐನಾಪುರದ ಜಿನ್ನಪ್ಪ ಡಾಕ್ಟರು ಬಾಗಿಲು ತೆರೆದಿಟ್ಟೇ ಬೈದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಪೇಷಂಟುಗಳು ಕತ್ತು ಚಾಚಿದರು. ಯಾರೋ ಕಿಸಕ್ಕನೆ ನಕ್ಕರು. ರೂಪೇಶನ ಕಿವಿ ಕಾದವು.

ಅವನು ಕೇಳಿದ್ದು ಇಷ್ಟೇ. ಸುತ್ತಲಿನ ಡಾಕ್ಟರುಗಳೆಲ್ಲ ಯಾರ ಒತ್ತಾಯವೂ ಇಲ್ಲದೆ ತಾವೇ ಕೂತು ಮಾತಾಡಿಕೊಂಡಿದ್ದರು: ಪಾದರಸದ ಥರ್ಮಾಮೀಟರು, ಪಾದರಸದ ಬಿಪಿ ಮಶೀನು ಇನ್ನು ಬೇಡ. ಒಡೆದರೆ ಆ ವಿಷ ಗಟಾರಿಗೆ, ಗಟಾರಿನಿಂದ ಕುಡಿಯುವ ನೀರಿಗೆ. ಹಳೆಯವನ್ನು ಕೂಡಿಸಿ ತರಲು ಒಂದು ಡಬ್ಬಿ, ಒಂದು ಬಾಟಲಿ ಕೊಟ್ಟು ರೂಪೇಶನನ್ನು ಇಟ್ಟಿದ್ದರು. ಶೇಡಬಾಳದವರು ಕೊಟ್ಟಿದ್ದರು, ಕಾಗವಾಡದವರು ಕೊಟ್ಟಿದ್ದರು. ಉಳಿದವರು ಇವರೊಬ್ಬರೇ.

“ಸರಕಾರದ ಆರ್ಡರ್ ಐತೇನು?”

“ಇಲ್ರಿ ಸಾಹೇಬ್ರ. ಮನಸಿದ್ದವರು ಕೊಡಾಕತ್ತಾರ್ರಿ.”

“ನನಗ ಮನಸಿಲ್ಲ. ನಡಿ!”

ನಡಿ ಎಂದು ಬೀಸಿದ ಕೈ ಮೇಜಿನ ಮೇಲಿದ್ದ ಬಿಪಿ ಮಶೀನಿಗೇ ತಾಗಿತು. ಅದು ಬಿತ್ತು, ಗಾಜಿನ ನಳಿಗೆ ಒಡೆಯಿತು. ಪಾದರಸ ಮಣಿಮಣಿಯಾಗಿ ಚೆಲ್ಲಿ, ಹೊಸ್ತಿಲು ದಾಟಿ, ಬೆಂಚುಗಳ ಕೆಳಗೆ ಓಡಿತು.

“ಹೊಳೆವ್ವಾ, ಒಂದ ಬಕೀಟ ನೀರ ಹೊಡದ ಗಟಾರಕ್ಕ ತಳ್ಳಬೇ!” ಡಾಕ್ಟರು ಕಸಗುಡಿಸುವವಳನ್ನು ಕೂಗಿದರು. ಆ ಗಟಾರ ಹರಿಯುವುದು ಓಣಿಯ ಬಾವಿಯ ಮಗ್ಗುಲಿಗೇ. ರೂಪೇಶನ ನಾಲಿಗೆಯ ತುದಿಗೆ ಬೈಗುಳ ಬಂದು ನಿಂತಿತು. ಅವನು ಬಾಯಿ ತೆರೆಯುವ ಮೊದಲೇ ಬೆಂಚಿನಿಂದ ಒಂದು ದನಿ ಎದ್ದಿತು.

“ನಿಂದ್ರರಿ! ಯಾರೂ ತುಳೀಬ್ಯಾಡ್ರಿ! ಜೀವ ಅದಾವ!”

ತ್ರಿಶಲಾ ಆಯಿ. ಇರುವೆಯ ಸಾಲು ಕಂಡರೆ ಸುತ್ತು ಹಾಕಿ ಹೋಗುವ ಜೈನ ಮುದುಕಿ. ಕೋಲನ್ನು ಅಡ್ಡ ಹಿಡಿದು ಬಾಗಿಲಿಗೆ ನಿಂತಿದ್ದಳು.

“ಆಯಿ, ಅವು ಹುಳ ಅಲ್ಲ...” ಎಂದರು ಡಾಕ್ಟರು.

“ಕಣ್ಣಿಗೆ ಪೊರಿ ಬಂದೈತಿ ಖರೆ, ಕುರುಡಿ ಅಲ್ಲ ನಾ. ಓಡಾಡಾಕತ್ತಾವ. ಒಂದಕ್ಕೊಂದ ಸಿಕ್ಕರ ತೆಕ್ಕಿ ಬೀಳಾಕತ್ತಾವ. ಜೀವ ಇಲ್ಲದ್ದು ಹಂಗ ಮಾಡತೈತೇನೋ ಜಿನ್ನಪ್ಪಾ?”

ಯಾರೂ ನಗಲಿಲ್ಲ. ಎಲ್ಲರೂ ಬಗ್ಗಿ ನೋಡಿದರು. ಹೊಸ್ತಿಲ ಹತ್ತಿರ ಎರಡು ಹನಿ ನಡುಗುತ್ತ ಸಮೀಪ ಬಂದು, ಮುಟ್ಟಿ, ಒಂದಾದವು. ಕೂತವರು ಒಬ್ಬೊಬ್ಬರೇ ಕಾಲು ಮೇಲೆತ್ತಿಕೊಂಡರು. ಯಾರೋ ಫ್ಯಾನು ಆರಿಸಿದರು. ಹೊಳೆವ್ವ ಬಕೀಟನ್ನೂ ಕಸಬರಿಗೆಯನ್ನೂ ಸದ್ದಾಗದಂತೆ ಕೆಳಗಿಟ್ಟಳು.

ರೂಪೇಶ ಮೊಬೈಲಿನ ಟಾರ್ಚ್ ಹಚ್ಚಿ ನೆಲಕ್ಕೆ ತಾಗಿಸಿ ಇಟ್ಟ. ನೆಲದ ತುಂಬ ಚುಕ್ಕಿಗಳು ಎದ್ದವು. “ಅಯ್ಯಯ್ಯ...” ಎಂದಿತು ಇಡೀ ದವಾಖಾನೆ, ಒಂದೇ ಉಸಿರಿನಲ್ಲಿ. ಬೆಂಚಿನ ಮೂಲೆಯಲ್ಲಿದ್ದ ರೈತನೊಬ್ಬ ಕಿಸೆಯಿಂದ ಲಗ್ನಪತ್ರಿಕೆ ತೆಗೆದು, ಎರಡು ತುಂಡು ಮಾಡಿ ಕೆಳಗೆ ಚಾಚಿದ. ಒಂದನ್ನು ರೂಪೇಶ ತೆಗೆದುಕೊಂಡು ಮೊಣಕಾಲೂರಿದ. ಇನ್ನೊಂದು ತುಂಡು ಸ್ವಲ್ಪ ಹೊತ್ತು ರೈತನ ಕೈಯಲ್ಲೇ ಉಳಿಯಿತು. ಆಮೇಲೆ ಡಾಕ್ಟರು ಅದನ್ನು ತೆಗೆದುಕೊಂಡರು.

ಬೈದವನೂ ಬೈಸಿಕೊಂಡವನೂ ಎದುರುಬದುರು ನೆಲದ ಮೇಲಿದ್ದರು. ಉಸಿರು ಬಿಗಿಹಿಡಿದು, ಹಸುಗೂಸನ್ನು ಎತ್ತಿಕೊಂಡಂತೆ ಒಂದೊಂದೇ ಮಣಿಯನ್ನು ಎತ್ತಿ ಬಾಟಲಿಗೆ ಬಿಟ್ಟರು. ಒಳಗೆ ಹೋದ ಪ್ರತಿ ಮಣಿಯೂ ತನ್ನವರನ್ನು ಹುಡುಕಿ ಸೇರಿಕೊಂಡಿತು. ಎಲ್ಲ ಮುಗಿದ ಮೇಲೆ ಡಾಕ್ಟರು ಎದ್ದು, ಕಿಸೆಯಲ್ಲಿದ್ದ ಥರ್ಮಾಮೀಟರನ್ನೂ ತೆಗೆದು, ಮುಖ ನೋಡದೆ ರೂಪೇಶನ ಡಬ್ಬಿಯಲ್ಲಿಟ್ಟರು.

“ಮನಸ ಬಂತೇನ್ರಿ ಸಾಹೇಬ್ರ?” ಎಂದು ಎಲ್ಲರೆದುರು ಕೇಳುವುದಿತ್ತು ಅವನಿಗೆ. ಮಾತು ಬಾಯಿಗೂ ಬಂದಿತ್ತು. ಆಯಿ ಅವನ ತೋಳು ಹಿಡಿದಳು.

“ಜ್ವಾಕಿಲೆ ಒಯ್ಯಪಾ. ನೀರ ಸೋಸಿದ ಅರಿವಿ ನಾವು ತಿರಗಿ ಬಾವ್ಯಾಗ ಜಾಲಸತೀವಿ, ಅದರಾಗಿನ ಜೀವ ಉಳೀಲಿ ಅಂತ. ಇವನ್ನೂ ಬಾವ್ಯಾಗ ಬಿಡು. ಬಿಡತೀ ಹೌದಲ್ಲೋ?”

ಡಾಕ್ಟರು ನೆಲ ನೋಡಿದರು. ಉಳಿದವರೆಲ್ಲ ರೂಪೇಶನನ್ನು ನೋಡಿದರು. ಅವನು ಬಾಟಲಿಯನ್ನು ಎದೆಗೆ ಒತ್ತಿಕೊಂಡ. ಆಯಿಗೆ ತಲೆಬಾಗಿ, ಏನೂ ತುಳಿಯದಂತೆ ಹೆಜ್ಜೆ ನೋಡಿ ನೋಡಿ ಇಡುತ್ತ, ಬಾವಿಯನ್ನು ದಾಟಿ ನಡೆದುಹೋದ.