ಗೋಡೆಯಾಚೆ ಕೂತ ಮೋಡ

ಭಾನುವಾರದ ಆರಾಧನೆಗೆ ದೇವರು ಬೆಳಗುವ ಮೋಡವಾಗಿ ಇಳಿಯುವುದು ಎಲ್ಲ ಊರಲ್ಲೂ ಇದ್ದದ್ದೇ. ಆದರೆ ಬೆಟಗೇರಿ ಚರ್ಚಿನ ಮೋಡದ ಮುಂದೆ ಉಳಿದವೆಲ್ಲ ಬೀಡಿ ಹೊಗೆ! ಅಂಥ ಮೋಡ ಸಲೋಮಿಯ ಮೊಮ್ಮಗನ ದೀಕ್ಷಾಸ್ನಾನದ ದಿನವೇ ಒಳಗೆ ಬರಲಿಲ್ಲ. ಮೋಡವಿಲ್ಲದೆ ಸಭಾಪಾಲಕರು ನೀರು ಮುಟ್ಟುವವರಲ್ಲ. ಕೂಸು ಹುಬ್ಬಳ್ಳಿಗೆ ಕೇಳುವಂತೆ ಚೀರುತ್ತಿತ್ತು.

ಸಲೋಮಿ ಹೊರಗೋಡಿದಳು. ಜಗಳದ ಸಿಟ್ಟಿಗೆ ಅವಳು ಕರೆಯದೆ ಬಿಟ್ಟಿದ್ದ ಅತ್ತಿಗೆ ರೂತವ್ವ ಗೋಡೆಯಾಚೆ ಕೂತಿದ್ದಳು, ಪಕ್ಕದಲ್ಲೇ ಮೋಡ.

"ಏನ್ರಿ ವೈನಿ, ದೇವರನ್ನ ಇಲ್ಲೇ ಹಿಡಕೊಂಡು ಕುಂತೀರಿ?"

"ನಾ ಯಾಕ ಹಿಡೀಲಿ? ಒಳಗ ಹೋಗಪ್ಪಾ ಅಂದ್ರ ಕೇಳವಲ್ಲ!"

ಸಲೋಮಿ ರೂತವ್ವನ ಕೈ ಹಿಡಿದಳು. "ನಂದು ತಪ್ಪಾತು. ನೀವೇ ಬಂದು ಕೂಸಿನ್ನ ಎತ್ಕೋರಿ."

ಸೆರಗು ಕೊಡವಿಕೊಂಡು ರೂತವ್ವ ಎದ್ದಳು. ಮೋಡವೂ ಎದ್ದಿತು.