ಅಡ್ಡಗೆರೆ

ಕಂಟ್ರೋಲ್, ಶಿಫ್ಟ್, ಎಚ್. ಮೂರನ್ನೂ ಒಟ್ಟಿಗೆ ಒತ್ತಿದರೆ ಒಂದು ಪದವನ್ನು ಎಲ್ಲ ಫೈಲುಗಳಲ್ಲೂ ಒಂದೇ ಏಟಿಗೆ ಬದಲಾಯಿಸಬಹುದೆಂದು ಸಿಸ್ಟರ್ ಹಿಂದಿನ ದಿನವಷ್ಟೇ ಕಲಿತಿದ್ದರು. ಇವತ್ತು ಒಂದೇ ಫೈಲಿನಲ್ಲಿ ಬದಲಾಗಬೇಕಿದ್ದ ಪದಕ್ಕೂ ಅದನ್ನೇ ಒತ್ತಿದರು. ಇನ್ನೂರ ಹದಿನಾಲ್ಕು ಕಡೆ ಬದಲಾಯಿತು. ಕೆಲಸ ಸಲೀಸಾಯಿತೆಂದು ಖುಷಿಯಲ್ಲೇ ಆಸ್ಪತ್ರೆಯ ಸರ್ವರ್‌ಗೆ ಕಳಿಸಿಯೂಬಿಟ್ಟರು. ಐದು ನಿಮಿಷಕ್ಕೆ ಮೂರನೇ ಮಹಡಿಯಿಂದ ಫೋನ್ ಬಂತು. ವಾರ್ಡಿನ ಪರದೆಯಲ್ಲಿ ಒಬ್ಬ ರೋಗಿಯ ಹೆಸರೂ ಇಲ್ಲ.

ಆ ಮಹಡಿಯಲ್ಲೇ ಅವರು ಹತ್ತೊಂಬತ್ತು ವರ್ಷ ನರ್ಸ್ ಆಗಿದ್ದವರು. ಬೆನ್ನು ಕೈಕೊಟ್ಟ ಮೇಲೆ ರೋಗಿಗಳನ್ನು ಎತ್ತಿ ಮಲಗಿಸುವುದು ಆಗುತ್ತಿರಲಿಲ್ಲ. ಮೂರು ತಿಂಗಳು ಕಂಪ್ಯೂಟರ್ ವಿಭಾಗದಲ್ಲಿ ಕಲಿಯಿರಿ, ಆಮೇಲೆ ನೋಡೋಣ ಎಂದಿದ್ದರು ಮ್ಯಾನೇಜರ್. ಈಗ ಮೂರನೇ ವಾರ.

"ಔಷಧಿ ಕೊಡೋ ಹೊತ್ತು ಕಣೇ! ಬೆಳಗಿನ ಕಾಗದದ ಪಟ್ಟಿ ನೋಡಿ ಕೊಡಿ, ಪರದೆ ನಂಬಬೇಡಿ," ಎಂದು ಸಿಸ್ಟರ್ ಫೋನಿನಲ್ಲೇ ಹೇಳಿ ಇಟ್ಟರು.

ಅವರಿಗೆ ಕೆಲಸ ಕಲಿಸುತ್ತಿದ್ದವಳು ಮಗಳ ವಯಸ್ಸಿನ ಪ್ರೋಗ್ರಾಮರ್. ಕುರ್ಚಿ ಎಳೆದುಕೊಂಡು ಬಂದಳು. "ಗಾಬರಿಯಾಗ್ಬೇಡಿ ಸಿಸ್ಟರ್. ನಾವು ಏನೇ ಬದಲಾಯಿಸಿದ್ರೂ ಗಿಟ್ ಅನ್ನೋ ದಾಖಲೆಯಲ್ಲಿ ಅದರ ಹಿಂದಿನ ಪ್ರತಿ ಹಾಗೇ ಇರುತ್ತೆ." ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದಳು. ಎರಡು ನಿಮಿಷದಲ್ಲಿ ಮತ್ತೆ ಫೋನ್. ಹೆಸರುಗಳೆಲ್ಲ ಬಂದಿದ್ದವು.

ಆಮೇಲೆ ಅವಳು ದನಿ ತಗ್ಗಿಸಿ ಪರದೆ ತೋರಿಸಿದಳು. ಯಾರು, ಎಷ್ಟು ಹೊತ್ತಿಗೆ, ಏನು ಬದಲಾಯಿಸಿದರು ಎಂಬ ಪಟ್ಟಿ. ತುದಿಯಲ್ಲಿ ಸಿಸ್ಟರ್ ಹೆಸರು. "ಇದನ್ನ ಅಳಿಸಿಬಿಡ್ತೀನಿ. ಯಾರು ಮಾಡಿದ್ದು ಅಂತ ಸರ್‌ಗೆ ಗೊತ್ತೇ ಆಗಲ್ಲ."

ಸಿಸ್ಟರ್ ತಮ್ಮ ಹೆಸರನ್ನೇ ಸ್ವಲ್ಪ ಹೊತ್ತು ನೋಡಿದರು. "ಬೇಡಮ್ಮ."

"ನಿಮ್ಮ ಕೆಲಸ ಹೋದ್ರೆ?"

"ವಾರ್ಡಲ್ಲಿ ಚಾರ್ಟು ತಪ್ಪು ಬರೆದ್ರೆ ಹಾಳೆ ಹರಿಯೋ ಹಾಗಿಲ್ಲ. ಅಡ್ಡಕ್ಕೆ ಒಂದು ಗೆರೆ. ತಪ್ಪು ಕೂಡ ಓದೋಕೆ ಬರ್ಬೇಕು. ಪಕ್ಕದಲ್ಲಿ ಸರಿ ಬರೆದು ಸಹಿ. ಮುಂದಿನ ಪಾಳಿಯವಳಿಗೆ ಏನಾಗಿತ್ತು ಅಂತ ತಿಳೀಬೇಕಲ್ಲ? ಇಲ್ಲಿ ಇನ್ನೊಂದು ಸಾಲು ಬರೆಯೋಕಾಗುತ್ತಾ?"

ಆಗುತ್ತಿತ್ತು. ಇಂಜೆಕ್ಷನ್ ಕೊಡುವಷ್ಟು ಹುಷಾರಾಗಿ ಒಂದೊಂದೇ ಕೀ ಒತ್ತಿ ಬರೆದರು: 'ಒಂದು ಫೈಲಿಗೆ ಬದಲು ಎಲ್ಲದರಲ್ಲೂ ಪದ ಬದಲಾಯಿಸಿದ್ದೆ. ತಪ್ಪು ನನ್ನದು. ಸರಿ ಮಾಡಲಾಗಿದೆ.'

ಊಟವಾದ ಮೇಲೆ ಮ್ಯಾನೇಜರ್ ಬಂದು ನಿಂತುಕೊಂಡೇ ಅದನ್ನು ಓದಿದರು. "ಇನ್ಮೇಲೆ ಕಳಿಸೋ ಮುಂಚೆ ಇವರಿಗೊಮ್ಮೆ ತೋರಿಸಿ, ಸಿಸ್ಟರ್," ಎಂದರು. ಅಷ್ಟೇ. ಹೋಗಲಿಲ್ಲ. ಪಟ್ಟಿಯನ್ನು ಹಿಂದಕ್ಕೆ ಸರಿಸುತ್ತಾ ಹೋದರು.

"ಹೋದ ತಿಂಗಳು ಹನ್ನೆರಡನೇ ತಾರೀಕು ಅರ್ಧ ದಿನ ಲ್ಯಾಬ್ ರಿಪೋರ್ಟೇ ಬಂದಿರ್ಲಿಲ್ಲ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಆ ದಿನದ ಒಂದು ಸಾಲೂ ಕಾಣ್ತಿಲ್ವಲ್ಲ ಇಲ್ಲಿ?"

ಪಕ್ಕದ ಮೇಜಿನಲ್ಲಿ ಕೀಬೋರ್ಡಿನ ಸದ್ದು ನಿಂತಿತು.

"ಇತ್ತು, ಸರ್," ಎಂದಳು ಪ್ರೋಗ್ರಾಮರ್.