ಹದಿನೆಂಟು ತುಂಬಿದವರಿಗೆ ಮಾತ್ರ

ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಒಳಗೆ ನಗುವೋ ನಗು.

ಮಂಗಳಮ್ಮ ಅಂಗೈ ಉರಿಯುವಂತೆ ಬಾಗಿಲು ಬಡಿದಳು. "ತೆಗೀರಿ! ಏನು ನೋಡ್ತಾ ಇದ್ದೀರಿ ಅಂತ ಗೊತ್ತು ನಂಗೆ."

ನಗು ಟಪ್ಪನೆ ನಿಂತಿತು. ಟಿವಿ ನಿಲ್ಲಲಿಲ್ಲ. ಕನ್ನಡಕ್ಕೆ ಡಬ್ ಆದ ಆ ಕಾರ್ಟೂನಿನಲ್ಲಿ ಒಂದು ಎಮ್ಮೆಗೂ ಒಂದು ಕಾಗೆಗೂ ಗೆಳೆತನ. ಎಮ್ಮೆ ಕುಡಿಯುತ್ತದೆ, ಕಾಗೆ ಕದಿಯುತ್ತದೆ, ಒಂದರ ಹುಟ್ಟನ್ನೆತ್ತಿ ಇನ್ನೊಂದು ಬೈಯುತ್ತದೆ. ಆದರೆ ಒಂದು ಸಿಕ್ಕಿಬಿದ್ದರೆ ಇನ್ನೊಂದು ಬಿಟ್ಟು ಓಡುವುದಿಲ್ಲ. ನೀತಿ ಬೇಕೆನ್ನುವವರಿಗೆ ಅಷ್ಟು ಇತ್ತು. ಪರದೆಯ ಮೂಲೆಯಲ್ಲಿ ಕೆಂಪಗೆ ಹದಿನೆಂಟು ಎಂದು ಬರೆದಿರುತ್ತದೆ. ಬೀಡಿ ಕಟ್ಟಿನ ಮೇಲಿನ ಎಚ್ಚರಿಕೆಗೆ ಎಷ್ಟು ಮರ್ಯಾದೆಯೋ ಅದಕ್ಕೂ ಅಷ್ಟೇ.

ಬಾಗಿಲ ಸಂದಿಯಿಂದ ಹೊಗೆಸೊಪ್ಪಿನ ಘಾಟು ಬಂತು. ಅದೂ ಶುರುವಾಗಿದೆ!

"ತಾಳು ಕಣವ್ವ," ಪುಟ್ಟಿಯ ದನಿ. "ಕಾಲು ಜೋಮು ಹಿಡಿದದೆ."

"ಕಾಲಂತೆ ಕಾಲು. ಅಪ್ಪ ಬರ್ಲಿ, ಹೇಳ್ತೀನಿ."

ಅಪ್ಪ ಎಂದರೆ ಮಹದೇವಪ್ರಸಾದ್, ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಗೊಬ್ಬರದಂಗಡಿಯವರು. ಇದೇ ಕಾರ್ಟೂನು ನೋಡಿದ್ದಕ್ಕೆ ಕಳೆದ ವಾರ ಪಕ್ಕದ ಬೀದಿಯ ವನಿತಾಳನ್ನು ಗೇಟಿನಾಚೆ ನಿಲ್ಲಿಸಿ, "ಮಕ್ಕಳನ್ನ ಕೆಡಿಸೋಕೆ ಇನ್ನೊಂದ್ಸಲ ಬರಬ್ಯಾಡ" ಎಂದಿದ್ದರು. ಆ ಹುಡುಗಿ ಅಳುತ್ತಾ ಹೋದದ್ದನ್ನು ಮಂಗಳಮ್ಮ ಕಿಟಕಿಯಿಂದ ನೋಡಿದ್ದಳು. ಆಗ ನುಂಗಿದ್ದು ಈಗ ಕೆಂಡವಾಗಿ ಮೇಲೆ ಬರುತ್ತಿತ್ತು. ವನಿತಾ ಹೋದಳು, ಕಾಡಂಚಿನ ಬುಡಕಟ್ಟು ಹಾಡಿಯಿಂದ ಈ ಜವರಿ ಬಂದಳು. ಅದೇ ಟಿವಿ, ಅದೇ ಎಮ್ಮೆ!

ಒಳಗೆ ಪಿಸುಮಾತು. "ನಾನು ಓಯ್ತೀನಿ ಕಣೆ ಪುಟ್ಟಿ. ನನ್ನಿಂದ ನಿಂಗ್ಯಾಕೆ ಬೈಗುಳ?"

"ಕುಂತ್ಕಳೆ ಜವರಿ. ಕಾಗೆ ಇನ್ನೂ ಜೈಲಿಂದ ಬಂದಿಲ್ಲ."

ಮಂಗಳಮ್ಮನಿಗೆ ಸಿಟ್ಟು ನೆತ್ತಿಗೇರಿತು. "ವನಿತಂಗೊಂದು ನ್ಯಾಯ, ಜವರಿಗೊಂದು ನ್ಯಾಯವಾ? ಇವಳೂ ಇನ್ಮೇಲೆ ಈ ಹೊಸ್ತಿಲು ತುಳಿಯೋ ಹಂಗಿಲ್ಲ!"

ಟಿವಿ ಬಾಯಿ ಮುಚ್ಚಿತು. ಯಾರೋ ನಿಧಾನವಾಗಿ ಎದ್ದ ಸದ್ದು. ಚಿಲಕ ಸರಿಯಿತು.

ಪುಟ್ಟಿಯ ಮುಖದಲ್ಲಿ ತಪ್ಪು ಮಾಡಿದ ಕಳೆಯೇ ಇರಲಿಲ್ಲ. ಮಂಗಳಮ್ಮನಿಗಿಂತ ಒಂದು ಕೈ ಮೇಲಾದ ಸಿಟ್ಟಿತ್ತು.

"ಹೊಸ್ತಿಲ ಮಾತು ಆಡಬ್ಯಾಡ. ಈ ಬಾಗಿಲು ಆ ಮಾತ ಹಿಂದೆ ಒಂದ್ಸಲ ಕೇಳ್ಯದೆ. ಆವತ್ತಿಂದ ಜವರಿ ಹಿತ್ತಲಲ್ಲೇ ನಿಂತ್ಕಂಡು ನನ್ನ ಮಾತಾಡಿಸ್ತಿದ್ಲು. ಈಗ ಒಳಗೆ ಬಂದವ್ಳೆ. ಅವಳು ಓದ್ರೆ ನಾನೂ ಓಯ್ತೀನಿ, ಹಾಡಿಗೆ."

ಜವರಿ ಸೆರಗಿನ ತುದಿ ಹಿಡಿದು ಗೋಡೆ ನೋಡುತ್ತಿದ್ದಳು. ಮಂಗಳಮ್ಮ, "ಹಂಗಾದ್ರೆ ವನಿತಾ?" ಎಂದಳು.

ಪುಟ್ಟಿ, ಅಂದರೆ ಅಜ್ಜಿ ಪುಟ್ಟಮಲ್ಲಮ್ಮ, ಸೊಂಟದ ಚೀಲದಿಂದ ಹೊಗೆಸೊಪ್ಪಿನ ಚೂರು ತೆಗೆದು ಬೋಡುಬಾಯಿಗೆ ಎಸೆದುಕೊಂಡು, ಹತ್ತನೇ ಕ್ಲಾಸಿನ ಯೂನಿಫಾರಂ ಇನ್ನೂ ಬಿಚ್ಚದ ಮೊಮ್ಮಗಳು ಮಂಗಳಮ್ಮನ ರಿಬ್ಬನ್ ಜಡೆ ಜಗ್ಗಿದಳು: "ಆವತ್ತು ಜವರಿನ ಓಡಿಸಿದ್ದು ನಮ್ಮತ್ತೆ ಮಂಗಳಮ್ಮ, ಅವಳ ಹೆಸರು ನಿಂಗಿಟ್ಟಿದ್ದಕ್ಕೇ ನಿನ್ನ ಅವ್ವ ಅನ್ನಾದು, ಓಗು, ವನಿತನ್ನ ಕರ್ಕಂಡ್ ಬಾ, ನಮ್ಮತ್ತೆ ಹೆಸರಿನೋಳಿಗೆ ಹದಿನೆಂಟು ಯಾವತ್ತೋ ತುಂಬ್ಯದೆ ಅಂತ ನಿಮ್ಮಪ್ಪಂಗೆ ನಾನು ಹೇಳ್ತೀನಿ."